128 ಜಿಬಿ ಕಾರ್ಡ್ ಹಾಕಿದ್ರೆ ಮೊಬೈಲ್ ಓದ್ತಿಲ್ವಾ? ರಾಟರ್‌ಡ್ಯಾಮ್‌ನಲ್ಲಿ ಮೆಮೊರಿ ಕಾರ್ಡ್ ಕೊಳ್ಳುವ ಮೊದಲು ತಿಳಿಯಬೇಕಾದ್ದು

ರಾಟರ್‌ಡ್ಯಾಮ್: ಜೆಬೆಲ್ ಅಲಿ, ಸಲಾಲಾ ಕಡೆಯಿಂದ ಕಂಟೇನರ್ ಹೊತ್ತು ಯುರೋಪ್‌ಗೆ ಹೊರಟ ಹಡಗುಗಳಿಗೆ ರಾಟರ್‌ಡ್ಯಾಮ್ ಒಂದು ದೊಡ್ಡ ತಂಗುದಾಣ. ಯುರೋಪ್‌ನ ಅತಿ ದೊಡ್ಡ ಬಂದರು ಇದೇ. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡು ಕಡೆಯ ಹುಡುಗರು ಹಡಗಿನ ಕೆಲಸಕ್ಕೆ ಸೇರುವುದು ಹೊಸತೇನಲ್ಲ. ಗಲ್ಫ್‌ನಲ್ಲಿ ಒಬ್ಬ ಅಣ್ಣ, ಹಡಗಿನಲ್ಲಿ ಒಬ್ಬ ತಮ್ಮ ಇರುವ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಬರತೊಡಗಿದವು. ಅಂದರೆ ನೀರಿನ ಮೇಲೆ ಇನ್ನೂ ಹತ್ತು ದಿನದಷ್ಟು ಹೆಚ್ಚು. ಹಡಗಿನಲ್ಲಿ ಇಂಟರ್ನೆಟ್ ಎಲ್ಲ ಕಡೆ ಧಾರಾಳವಾಗಿ ಸಿಗುವುದಿಲ್ಲ. ಹಾಗಾಗಿ ಸಿನಿಮಾ, ಯಕ್ಷಗಾನ, ಮಕ್ಕಳ ವಿಡಿಯೋ, ಮನೆಯ ಫೋಟೋ ಎಲ್ಲವೂ ಕೈಯಲ್ಲಿರುವ ಮೊಬೈಲಿನಲ್ಲೋ ಟ್ಯಾಬ್‌ನಲ್ಲೋ ತುಂಬಿಸಿಕೊಂಡೇ ಹೋಗಬೇಕು.

ಹೊಸ ಕಂಟೇನರ್ ಟರ್ಮಿನಲ್‌ಗಳಿರುವ ಮಾಸ್‌ವ್ಲಾಕ್ಟೆಯಿಂದ ಊರಿನ ನಡುವಿಗೆ ಸುಮಾರು 40 ಕಿಲೋಮೀಟರ್. ಹಡಗು ನಿಲ್ಲುವುದೇ ಸ್ವಲ್ಪ ಹೊತ್ತು, ಅದರಲ್ಲಿ ಇಳಿಯಲು ಅನುಮತಿ ಸಿಕ್ಕಿ ಪೇಟೆಗೆ ಹೋಗಿ ಬರಲು ಉಳಿಯುವುದು ನಾಲ್ಕೈದು ಗಂಟೆ. ಆ ಅವಸರದಲ್ಲಿ ಚಾಕಲೇಟ್, ಚೀಸ್ ಜೊತೆ ಒಂದು ದೊಡ್ಡ ಮೆಮೊರಿ ಕಾರ್ಡ್ ಕೊಂಡು ಹಡಗು ಹತ್ತುತ್ತಾರೆ. ಕ್ಯಾಬಿನ್‌ಗೆ ಬಂದು ಮೊಬೈಲಿಗೆ ಹಾಕಿದರೆ, ಒಂದೋ ಕಾರ್ಡ್ ಕಾಣುವುದೇ ಇಲ್ಲ, ಇಲ್ಲವೇ ‘ಕಾರ್ಡ್ ಹಾಳಾಗಿದೆ, ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ. ಅಷ್ಟರಲ್ಲಿ ಹಡಗು ಬಂದರು ಬಿಟ್ಟಾಗಿರುತ್ತದೆ. ಅಂಗಡಿ ಹಿಂದೆ, ಸಮುದ್ರ ಮುಂದೆ.

ಓದುವಿಕೆಗೋ ಕೆಲಸಕ್ಕೋ ರಾಟರ್‌ಡ್ಯಾಮ್‌ನಲ್ಲಿ, ಪಕ್ಕದ ಡೆಲ್ಫ್ಟ್‌ನಲ್ಲಿ ಇರುವ ಕನ್ನಡಿಗರಿಗೂ ಇದೇ ಪ್ರಶ್ನೆ ಬರುತ್ತದೆ, ಊರಿನಿಂದ ತಂದ ಹಳೇ ಸಾಧನಕ್ಕೆ ಇಲ್ಲಿಯ ಹೊಸ ಕಾರ್ಡ್ ಹಾಕಿದಾಗ. ಅವರಿಗಾದರೆ ನಾಳೆ ಅಂಗಡಿಗೆ ಹೋಗಬಹುದು. ಹಡಗಿನವರಿಗೆ ಆ ನಾಳೆ ಇಲ್ಲ.

ಒಂದೇ ಲಕ್ಷಣ, ಮೂರು ರೋಗ

ಕಾರ್ಡ್ ಓದದೇ ಇದ್ದಾಗ ಅಂಗಡಿಯವರು ಸಾಮಾನ್ಯವಾಗಿ ಹೇಳುವ ಮಾತು ‘ನಿಮ್ಮ ಮೊಬೈಲ್ ಇಷ್ಟು ದೊಡ್ಡ ಕಾರ್ಡ್ ಹಿಡಿಯೋದಿಲ್ಲ’ ಅಂತ. ಇದು ಅರ್ಧ ಸತ್ಯ. ಹೊರಗೆ ಕಾಣುವ ಲಕ್ಷಣ ಒಂದೇ ಆದರೂ ಒಳಗೆ ಮೂರು ಬೇರೆ ಬೇರೆ ಕಾರಣ ಇರಬಹುದು. ಸಾಧನಕ್ಕೆ ಆ ತಲೆಮಾರಿನ ಕಾರ್ಡ್‌ನ ಭಾಷೆಯೇ ಗೊತ್ತಿಲ್ಲದಿರಬಹುದು. ಭಾಷೆ ಗೊತ್ತಿದ್ದೂ ಒಳಗಿನ ಬರಹದ ಪದ್ಧತಿ ಗೊತ್ತಿಲ್ಲದಿರಬಹುದು. ಅಥವಾ ಕಾರ್ಡೇ ನಕಲಿ ಇರಬಹುದು. ಮೊದಲನೆಯದಕ್ಕೆ ಮದ್ದಿಲ್ಲ. ಎರಡನೆಯದಕ್ಕೆ ಹತ್ತು ನಿಮಿಷದ ಮದ್ದು ಇದೆ. ಮೂರನೆಯದಕ್ಕೆ ಹಣ ವಾಪಸ್ ಕೇಳುವುದೊಂದೇ ದಾರಿ, ಅದೂ ಹಡಗು ಹೊರಡುವ ಮೊದಲು. ಯಾವುದು ಅಂತ ತಿಳಿಯದೆ ಫಾರ್ಮ್ಯಾಟ್ ಒತ್ತಿದವರು ಮಗಳ ನಾಮಕರಣದ ಫೋಟೋ ಕಳೆದುಕೊಳ್ಳುತ್ತಾರೆ.

ಎಸ್‌ಡಿ ಕಾರ್ಡನ್ನು 1999ರಲ್ಲಿ ಪ್ರಕಟಿಸಿದವರು ಸ್ಯಾನ್‌ಡಿಸ್ಕ್, ಮತ್ಸುಶಿತ (ಈಗಿನ ಪ್ಯಾನಸೋನಿಕ್) ಮತ್ತು ತೋಷಿಬಾ. ಮುಂದಿನ ವರ್ಷ ಈ ಮೂವರು ಸೇರಿ ಎಸ್‌ಡಿ ಅಸೋಸಿಯೇಷನ್ ಕಟ್ಟಿದರು. ಕಾರ್ಡಿನ ನಿಯಮ ಬರೆಯುವುದು ಇವತ್ತಿಗೂ ಅದೇ ಸಂಸ್ಥೆ. ಮೊಬೈಲಿಗೆ ಹಾಕುವ ಉಗುರಿನಷ್ಟು ಚಿಕ್ಕ ಕಾರ್ಡ್ ಬಂದದ್ದು 2004ರಲ್ಲಿ, ಟ್ರಾನ್ಸ್‌ಫ್ಲ್ಯಾಶ್ ಎಂಬ ಹೆಸರಿನಲ್ಲಿ. ಮರುವರ್ಷ ಅದಕ್ಕೆ ಮೈಕ್ರೋಎಸ್‌ಡಿ ಅಂತ ಹೆಸರಾಯಿತು. ಚೀನಾ ಮಾಡಿದ ಸಣ್ಣ ಸ್ಪೀಕರ್, ರೇಡಿಯೋಗಳ ಮೇಲೆ ಈಗಲೂ ‘ಟಿಎಫ್’ ಅಂತ ಬರೆದಿರುತ್ತದಲ್ಲ, ಅದು ಈ ಹಳೇ ಹೆಸರೇ. ಬೇರೆ ಕಾರ್ಡ್ ಹುಡುಕಿ ಅಲೆಯಬೇಕಾಗಿಲ್ಲ.

ಆಕಾರ ಒಂದೇ ಇದ್ದರೂ ಒಳಗೆ ನಾಲ್ಕು ತಲೆಮಾರು. ಬರೀ ‘ಎಸ್‌ಡಿ’ ಅಂತ ಇರುವುದು 2 ಜಿಬಿವರೆಗೆ. 2006ರಲ್ಲಿ ಬಂದ ‘ಎಸ್‌ಡಿಎಚ್‌ಸಿ’ 2ರಿಂದ ಮೇಲೆ 32 ಜಿಬಿವರೆಗೆ. 2009ರ ‘ಎಸ್‌ಡಿಎಕ್ಸ್‌ಸಿ’ 32ರಿಂದ ಮೇಲೆ 2 ಟಿಬಿವರೆಗೆ. 2018ರ ‘ಎಸ್‌ಡಿಯುಸಿ’ 2 ಟಿಬಿಯಿಂದ 128 ಟಿಬಿವರೆಗೆ. ಇದು ಸಾಮಾನ್ಯ ಜನರ ಕೈಗೆ ಇನ್ನೂ ಬಂದಿಲ್ಲ, ಬಿಟ್ಟುಬಿಡಬಹುದು. ಹೊಸ ಸಾಧನ ಹಳೇ ಕಾರ್ಡನ್ನು ಓದುತ್ತದೆ. ಹಳೇ ಸಾಧನ ಹೊಸ ಕಾರ್ಡನ್ನು ಓದಲೇಬೇಕೆಂದಿಲ್ಲ.

ಯಾಕೆ ಹೀಗೆ? ಕಾರ್ಡಿನೊಳಗೆ ಮಾಹಿತಿ ಇಟ್ಟ ಪ್ರತಿ ಜಾಗಕ್ಕೂ ಒಂದು ಮನೆ ನಂಬರ್ ಇದ್ದಂತೆ. ಮೊದಲ ತಲೆಮಾರಿನಲ್ಲಿ ಒಂದೊಂದು ಬೈಟಿಗೂ ಒಂದೊಂದು ನಂಬರ್ ಕೊಡುತ್ತಿದ್ದರು. ಆ ನಂಬರ್ ಬರೆಯಲು ಇದ್ದ ಜಾಗ 32 ಬಿಟ್. ಅದರಲ್ಲಿ ಬರೆಯಬಹುದಾದ ಒಟ್ಟು ನಂಬರ್‌ಗಳು 429 ಕೋಟಿ ಚಿಲ್ಲರೆ, ಅಂದರೆ 4 ಜಿಬಿಯಾಚೆ ನಂಬರೇ ಇಲ್ಲ. ಎಸ್‌ಡಿಎಚ್‌ಸಿ ಬಂದಾಗ ಲೆಕ್ಕ ಬದಲಾಯಿತು: ಒಂದೊಂದು ಬೈಟಿಗೆ ಬದಲು 512 ಬೈಟಿನ ಒಂದೊಂದು ಕಟ್ಟಿಗೆ ಒಂದು ನಂಬರ್. ಅದೇ 32 ಬಿಟ್‌ನಲ್ಲಿ ಈಗ 2 ಟಿಬಿವರೆಗೆ ತಲುಪಬಹುದು. 2006ಕ್ಕೆ ಮೊದಲಿನ ಕ್ಯಾಮೆರಾಕ್ಕೋ ಎಂಪಿ3 ಪ್ಲೇಯರಿಗೋ 8 ಜಿಬಿ ಕಾರ್ಡ್ ಹಾಕಿದರೆ ಅದು ಹಳೇ ಲೆಕ್ಕದಲ್ಲಿ ನಂಬರ್ ಕೇಳುತ್ತದೆ, ಕಾರ್ಡ್ ಹೊಸ ಲೆಕ್ಕದಲ್ಲಿ ಉತ್ತರಿಸುತ್ತದೆ. ಮಾತೇ ಹೊಂದುವುದಿಲ್ಲ. ಕಂಪನಿಯವರು ಸಾಧನಕ್ಕೆ ಅಪ್‌ಡೇಟ್ ಕೊಟ್ಟಿದ್ದರೆ ಮಾತ್ರ ದಾರಿ, ಇಲ್ಲದಿದ್ದರೆ ಹಳೇ 2 ಜಿಬಿ ಕಾರ್ಡನ್ನೇ ಜೋಪಾನ ಮಾಡಿಕೊಳ್ಳಬೇಕು.

32 ಜಿಬಿ ಗೆರೆ ಎಷ್ಟು ಗಟ್ಟಿ?

ಇಲ್ಲೇ ಹೆಚ್ಚಿನವರಿಗೆ ತಿಳಿಯದ ಸಂಗತಿ ಇರುವುದು. ಎಸ್‌ಡಿಎಚ್‌ಸಿ ಮತ್ತು ಎಸ್‌ಡಿಎಕ್ಸ್‌ಸಿ ಎರಡಕ್ಕೂ ನಂಬರ್ ಕೊಡುವ ಲೆಕ್ಕ ಒಂದೇ. 32 ಜಿಬಿ ಎಂಬ ಗೆರೆ ಮುಖ್ಯವಾಗಿ ನಿಯಮದ ಪುಸ್ತಕದಲ್ಲಿ ಎಳೆದ ಗೆರೆ. ಆ ಗೆರೆಯ ಈಚೆ ಕಾರ್ಡನ್ನು ‘ಫ್ಯಾಟ್32’ ಎಂಬ ಪದ್ಧತಿಯಲ್ಲಿ, ಆಚೆ ‘ಎಕ್ಸ್‌ಫ್ಯಾಟ್’ ಎಂಬ ಪದ್ಧತಿಯಲ್ಲಿ ಸಿದ್ಧ ಮಾಡಿ ಮಾರಬೇಕು ಅಂತ ನಿಯಮ. ಯಾವ ಫೈಲ್ ಎಲ್ಲಿದೆ ಅಂತ ಬರೆದಿಡುವ ದಿನಚರಿ ಪುಸ್ತಕ ಇದ್ದ ಹಾಗೆ ಇವು. ಫ್ಯಾಟ್32 ಹಳೆಯದು, ಎಲ್ಲ ಸಾಧನಕ್ಕೂ ಗೊತ್ತು. ಎಕ್ಸ್‌ಫ್ಯಾಟ್ ಅನ್ನು ಮೈಕ್ರೋಸಾಫ್ಟ್ 2006ರಲ್ಲಿ ತಂದಿತು, ಬಹಳ ವರ್ಷ ಅದನ್ನು ಬಳಸಲು ಸಾಧನ ತಯಾರಕರು ಲೈಸೆನ್ಸ್ ಪಡೆಯಬೇಕಿತ್ತು. ಅದರ ಪೂರ್ಣ ವಿವರವನ್ನು ಮೈಕ್ರೋಸಾಫ್ಟ್ ಬಹಿರಂಗ ಮಾಡಿದ್ದು 2019ರಲ್ಲಿ. ಅಗ್ಗದ ಬಟನ್ ಮೊಬೈಲ್, ಸ್ಪೀಕರ್, ಕಾರಿನ ಸ್ಟೀರಿಯೋಗಳಲ್ಲಿ ಎಕ್ಸ್‌ಫ್ಯಾಟ್ ಇಲ್ಲದಿರುವುದಕ್ಕೆ ಈ ಲೈಸೆನ್ಸ್ ಖರ್ಚೂ ಒಂದು ಕಾರಣ.

ಹಾಗಾಗಿ ಪೆಟ್ಟಿಗೆಯ ಮೇಲೆ ‘32 ಜಿಬಿವರೆಗೆ’ ಅಂತ ಬರೆದ ಸಾಧನಕ್ಕೆ 64 ಅಥವಾ 128 ಜಿಬಿ ಕಾರ್ಡ್ ಹಾಕಿ, ಅದು ಓದದಿದ್ದರೆ, ಕಂಪ್ಯೂಟರಿನಲ್ಲಿ ಅದನ್ನು ಫ್ಯಾಟ್32ಗೆ ಬದಲಿಸಿದರೆ ಬಹಳ ಸಲ ಕೆಲಸ ಮಾಡುತ್ತದೆ. 2011ರಲ್ಲಿ ಬಂದ ನಿಂಟೆಂಡೋ 3ಡಿಎಸ್ ಆಟದ ಸಾಧನಕ್ಕೆ ಕಂಪನಿ ಹೇಳಿದ್ದು 32 ಜಿಬಿ. ಫ್ಯಾಟ್32 ಮಾಡಿದ 64 ಜಿಬಿ ಕಾರ್ಡ್ ಹಾಕಿ ವರ್ಷಗಟ್ಟಲೆ ಆಡಿದವರು ಜಗತ್ತಿನಾದ್ಯಂತ ಇದ್ದಾರೆ. 2017ರಲ್ಲಿ ಮರಳಿ ಬಂದ ನೋಕಿಯಾ 3310ಕ್ಕೂ ಕಂಪನಿ ಕೊಟ್ಟ ಮಿತಿ 32 ಜಿಬಿ. ಇಂಥ ಬಟನ್ ಮೊಬೈಲುಗಳಲ್ಲಿ ಪ್ರಯೋಗ ಮಾಡಬಹುದು, ಆದರೆ ಕಂಪನಿಯ ಭರವಸೆ ಇಲ್ಲ. ಮೊದಲು ಬೇಡದ ಹಾಡು ತುಂಬಿಸಿ ಒಂದು ವಾರ ನೋಡುವುದು ಜಾಣತನ. ನೂರಾರು ಹಾಡು ಇದ್ದರೆ ಸಣ್ಣ ಸಾಧನ ಪಟ್ಟಿ ಮಾಡಲಿಕ್ಕೇ ನಿಮಿಷಗಟ್ಟಲೆ ತೆಗೆದುಕೊಳ್ಳುವುದೂ ಉಂಟು, ಅದನ್ನು ‘ಹ್ಯಾಂಗ್’ ಆಯಿತು ಅಂತ ಭಾವಿಸಿ ಕಾರ್ಡ್ ಕಿತ್ತು ತೆಗೆದರೆ ನಿಜವಾಗಿಯೂ ಹಾಳಾಗುತ್ತದೆ.

ಬದಲಿಸುವುದು ಹೇಗೆ? ವಿಂಡೋಸ್‌ನಲ್ಲಿ ಕಾರ್ಡಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಫಾರ್ಮ್ಯಾಟ್’ ಆರಿಸಿದರೆ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 ಆಯ್ಕೆ ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಎಸ್‌ಡಿ ಅಸೋಸಿಯೇಷನ್‌ನ ಉಚಿತ ಫಾರ್ಮ್ಯಾಟರ್ ತಂತ್ರಾಂಶ ಕೂಡ ದೊಡ್ಡ ಕಾರ್ಡನ್ನು ನಿಯಮದಂತೆ ಎಕ್ಸ್‌ಫ್ಯಾಟ್ ಮಾಡಿಯೇ ಕೊಡುತ್ತದೆ. ಬೇಕಾದ್ದು ರೂಫಸ್‌ನಂಥ ಬೇರೆ ಉಚಿತ ತಂತ್ರಾಂಶ. ಹಡಗಿನಲ್ಲಿ ಯಾರಾದರೊಬ್ಬರ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ, ಅದರಲ್ಲಿ ಮೊದಲೇ ಇಳಿಸಿಟ್ಟುಕೊಂಡರೆ ಸಾಕು. ಕಾರ್ಡಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಖಾಲಿ ಹೊಸ ಕಾರ್ಡಿಗೆ ಮಾತ್ರ ಈ ಮದ್ದು.

ಫ್ಯಾಟ್32ಗೆ ಒಂದು ದೊಡ್ಡ ಕೊರತೆ ಇದೆ. ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 8 ಮೆಗಾಬಿಟ್ ಲೆಕ್ಕದ ಎಚ್‌ಡಿ ವಿಡಿಯೋ ಆದರೆ ಸುಮಾರು ಒಂದು ಗಂಟೆ ಹತ್ತು ನಿಮಿಷಕ್ಕೇ 4 ಜಿಬಿ ಮುಗಿಯಿತು. ಇಡೀ ರಾತ್ರಿಯ ಯಕ್ಷಗಾನ ಒಂದೇ ಫೈಲಿನಲ್ಲಿ ಬರುವ ಮಾತೇ ಇಲ್ಲ. ಕಾರ್ಡಿನಲ್ಲಿ 100 ಜಿಬಿ ಖಾಲಿ ಇದ್ದರೂ ‘ಜಾಗ ಸಾಲದು’ ಅಥವಾ ‘ಫೈಲ್ ತುಂಬಾ ದೊಡ್ಡದು’ ಅಂತ ಹೇಳುತ್ತದೆ. ಆಗ ಕಾರ್ಡನ್ನು ಬೈಯುವುದರಲ್ಲಿ ಅರ್ಥವಿಲ್ಲ. ಪ್ರಸಂಗವನ್ನು ಭಾಗ ಭಾಗ ಮಾಡಿ ತುಂಬಿಸಬೇಕು, ಇಲ್ಲವೇ ಎಕ್ಸ್‌ಫ್ಯಾಟ್ ಓದುವ ಸ್ಮಾರ್ಟ್‌ಫೋನಿನಲ್ಲಿ ನೋಡಬೇಕು. ಬರೀ ಹಾಡು, ಭಾಗವತಿಕೆ, ತಾಳಮದ್ದಳೆಯ ಆಡಿಯೋ ಕೇಳುವವರಿಗೆ ಈ ತೊಂದರೆ ಇಲ್ಲ.

ಮಕ್ಕಳಿಗೆ ಆಟದ ಸಾಧನ ಕೊಳ್ಳುವವರು

ಯುರೋಪ್‌ನಿಂದ ಊರಿಗೆ ಹೋಗುವಾಗ ಮಕ್ಕಳಿಗೆ ಆಟದ ಸಾಧನ ಒಯ್ಯುವವರು ಒಂದು ವಿಷಯ ಗಮನಿಸಬೇಕು. ನಿಂಟೆಂಡೋ ಸ್ವಿಚ್‌ನ ಮೊದಲ ಮಾದರಿಗೆ ಸಾಮಾನ್ಯ ಮೈಕ್ರೋಎಸ್‌ಡಿ ಕಾರ್ಡ್ ಸಾಕಿತ್ತು. 2025ರ ಜೂನ್ 5ರಂದು ಬಿಡುಗಡೆಯಾದ ಸ್ವಿಚ್ 2ಕ್ಕೆ ಹಾಗಲ್ಲ. ಅದಕ್ಕೆ ‘ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್’ ಎಂಬ ಬೇರೆ ಜಾತಿಯ ಕಾರ್ಡೇ ಬೇಕು. ಆಕಾರ ಅದೇ, ಸ್ಲಾಟಿಗೆ ಸಾಮಾನ್ಯ ಕಾರ್ಡೂ ಸಲೀಸಾಗಿ ಇಳಿಯುತ್ತದೆ, ಆದರೆ ಆಟ ಉಳಿಸಲು ಬರುವುದಿಲ್ಲ. ಹಳೇ ಸ್ವಿಚ್‌ನಲ್ಲಿ ತೆಗೆದ ಚಿತ್ರ, ವಿಡಿಯೋಗಳನ್ನು ವರ್ಗಾಯಿಸಿಕೊಳ್ಳಲು ಮಾತ್ರ ಉಪಯೋಗ. 512 ಜಿಬಿ ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ಹೋದರೆ ಮಗನ ಮುಖ ಬಾಡುತ್ತದೆ. ಕಾರ್ಡಿನ ಮೇಲೆ ‘ಎಕ್ಸ್‌ಪ್ರೆಸ್’ ಎಂಬ ಅಕ್ಷರ ಅಥವಾ ‘ಇಎಕ್ಸ್’ ಗುರುತು ಇದೆಯೇ ಅಂತ ನೋಡಿ. ಇದು ಮೊದಲು ಹೇಳಿದ ಮದ್ದಿಲ್ಲದ ರೋಗಗಳ ಸಾಲಿಗೇ ಸೇರಿದ್ದು. ಫಾರ್ಮ್ಯಾಟ್ ಮಾಡಿದರೂ ಬದಲಾಗದು.

ಕಾರ್ಡಿನ ಮೇಲಿನ ಉಳಿದ ಗುರುತುಗಳು ವೇಗಕ್ಕೆ ಸಂಬಂಧಪಟ್ಟವು. ವೃತ್ತದೊಳಗಿನ 10 ಅಥವಾ ‘ಯು1’ ಅಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುವ ವೇಗ, ‘ಯು3’ ಅಥವಾ ‘ವಿ30’ ಅಂದರೆ 30 ಎಂಬಿ. 4ಕೆ ವಿಡಿಯೋ ತೆಗೆಯುವವರಿಗೆ ಎರಡನೆಯದು. ‘ಎ1’, ‘ಎ2’ ಎಂಬುದು ಆ್ಯಪ್‌ಗಳನ್ನು ಕಾರ್ಡಿನಿಂದಲೇ ನಡೆಸುವವರಿಗೆ. ಸಿನಿಮಾ ನೋಡಲಿಕ್ಕೆ, ಹಾಡು ಕೇಳಲಿಕ್ಕೆ ಇವಕ್ಕೆಲ್ಲ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ.

ನೆಪ್!

ಡಚ್ ಭಾಷೆಯಲ್ಲಿ ನಕಲಿಗೆ ‘ನೆಪ್’ ಅನ್ನುತ್ತಾರೆ. ಕನ್ನಡದ ‘ನೆಪ’ಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೆ ನಕಲಿ ಕಾರ್ಡ್ ಮಾಡುವುದು ಹೆಚ್ಚುಕಡಿಮೆ ನೆಪ ಹೇಳುವ ಕೆಲಸವನ್ನೇ. ಒಳಗೆ ಇರುವುದು 8 ಅಥವಾ 16 ಜಿಬಿ ಚಿಪ್. ಅದರ ನಿಯಂತ್ರಕಕ್ಕೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಮೊಬೈಲ್ ‘ನೀನು ಎಷ್ಟು ದೊಡ್ಡವ?’ ಅಂತ ಕೇಳಿದರೆ ‘1 ಟಿಬಿ’ ಅನ್ನುತ್ತದೆ. ಮೊದಲ 16 ಜಿಬಿ ಸರಿಯಾಗಿಯೇ ಉಳಿಯುತ್ತದೆ, ಹಾಗಾಗಿ ಅಂಗಡಿಯಲ್ಲಿ ನಾಲ್ಕು ಫೋಟೋ ತೆಗೆದು ನೋಡಿದರೆ ಎಲ್ಲ ಸರಿ. ಆ ಮಿತಿ ದಾಟಿದ ಮೇಲೆ ಬರೆದದ್ದು ಎಲ್ಲೂ ಉಳಿಯುವುದಿಲ್ಲ, ಅಥವಾ ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ. ಫೈಲಿನ ಹೆಸರು ಕಾಣುತ್ತದೆ, ಗಾತ್ರವೂ ಕಾಣುತ್ತದೆ, ತೆರೆಯುವುದಿಲ್ಲ. ಆರು ತಿಂಗಳ ಹಡಗಿನ ಬದುಕಿನ ಫೋಟೋ ಹೀಗೆ ಹೋದರೆ ಯಾವ ತಂತ್ರಾಂಶದಿಂದಲೂ ವಾಪಸ್ ಬರುವುದಿಲ್ಲ, ಯಾಕೆಂದರೆ ಅದು ಬರೆದೇ ಇರಲಿಲ್ಲ.

1 ಟಿಬಿ ಮೈಕ್ರೋಎಸ್‌ಡಿ ಕಾರ್ಡನ್ನು ಸ್ಯಾನ್‌ಡಿಸ್ಕ್ ಮತ್ತು ಮೈಕ್ರಾನ್ ಜಗತ್ತಿಗೆ ತೋರಿಸಿದ್ದು 2019ರಲ್ಲಿ. ಸ್ಯಾನ್‌ಡಿಸ್ಕ್ ಆಗ ಹೇಳಿದ ಬೆಲೆ 450 ಡಾಲರ್. ಅಲ್ಲಿಂದ ಬೆಲೆ ತುಂಬಾ ಇಳಿದಿದೆ ನಿಜ. ಆದರೂ 2 ಟಿಬಿ ಕಾರ್ಡ್ 15 ಯೂರೋಗೆ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ, ಅದು ರಾಟರ್‌ಡ್ಯಾಮ್ ಆಗಲಿ, ದೇರಾ ಆಗಲಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಪರಿಸರವಾಗಲಿ, ಆನ್‌ಲೈನ್ ಆಗಲಿ, ಅಲ್ಲಿಂದ ನಡೆದುಬಿಡುವುದೇ ಒಳ್ಳೆಯದು. ಹೆಸರಾಂತ ಕಂಪನಿಯ ಹೆಸರು ಅಚ್ಚು ಹಾಕಿದ ಮಾತ್ರಕ್ಕೆ ಅಸಲಿ ಆಗುವುದಿಲ್ಲ.

ಹಾಗಂತ ಕಡಿಮೆ ಜಾಗ ತೋರಿಸುವ ಎಲ್ಲ ಕಾರ್ಡೂ ನಕಲಿಯಲ್ಲ. 128 ಜಿಬಿ ಅಂತ ಬರೆದ ಅಸಲಿ ಕಾರ್ಡ್ ಕಂಪ್ಯೂಟರಿನಲ್ಲಿ 119 ಜಿಬಿ ಆಸುಪಾಸು ತೋರಿಸುತ್ತದೆ, 256 ಇದ್ದದ್ದು 238, 1 ಟಿಬಿ ಇದ್ದದ್ದು 931. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸೇರು, ಕಿಲೋ ವ್ಯತ್ಯಾಸ ಇದ್ದ ಹಾಗೆ, ಅಷ್ಟೇ. ಇದಕ್ಕೆ ಜಗಳ ಮಾಡಿದರೆ ಅಂಗಡಿಯವನದೇ ಸರಿ.

ಅಸಲಿಯೋ ನಕಲಿಯೋ ಅಂತ ಖಚಿತವಾಗಿ ತಿಳಿಯಲು ಇರುವುದು ಒಂದೇ ವಿಧಾನ: ಪೂರ್ತಿ ತುಂಬಿಸಿ, ಪೂರ್ತಿ ಓದಿ ನೋಡುವುದು. ಇದಕ್ಕೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ವಿಂಡೋಸ್‌ನಲ್ಲಿದೆ, ಜರ್ಮನಿಯ ಕಂಪ್ಯೂಟರ್ ಪತ್ರಿಕೆಯೊಂದರ ಬಳಗದಿಂದ ಬಂದದ್ದು. ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್3. ಸೆಕೆಂಡಿಗೆ 20 ಎಂಬಿ ಬರೆಯುವ ಕಾರ್ಡ್ ಆದರೆ 128 ಜಿಬಿ ತುಂಬಲು ಸುಮಾರು ಒಂದು ಮುಕ್ಕಾಲು ಗಂಟೆ, ಮೇಲೆ ಓದಲು ಅರ್ಧ ಗಂಟೆ. ಪೇಟೆಗೆ ಹೋಗಲು ನಾಲ್ಕೈದು ಗಂಟೆಯಷ್ಟೇ ಸಿಕ್ಕವರಿಗೆ ಇದು ಕಷ್ಟವೇ. ಆದರೂ ಮೊದಲು ಕಾರ್ಡ್ ಕೊಂಡು, ಮತ್ತೆ ಉಳಿದ ಶಾಪಿಂಗ್ ಮಾಡುವಾಗ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಕೆಲಸ ಮಾಡುತ್ತಿದ್ದರೆ ಊರು ಬಿಡುವ ಮೊದಲು ಉತ್ತರ ಸಿಗುತ್ತದೆ. 1 ಟಿಬಿ ಕಾರ್ಡ್ ಆದರೆ ಈ ಪರೀಕ್ಷೆಗೆ ಇನ್ನೂ ಬಹಳ ಹೊತ್ತು ಬೇಕು. ದೊಡ್ಡ ಕಾರ್ಡ್ ಒಂದರ ಬದಲು ಎರಡು 128 ಜಿಬಿ ಕೊಳ್ಳುವುದು ಹಡಗಿನವರಿಗೆ ಮೇಲು, ಒಂದು ಹೋದರೂ ಇನ್ನೊಂದು ಇರುತ್ತದೆ.

ಬಿಲ್ ಇಟ್ಟುಕೊಳ್ಳಿ

ಅಂಗಡಿಯ ರಸೀದಿಗೆ ಡಚ್ಚರು ‘ಬಾನ್’ ಅನ್ನುತ್ತಾರೆ. ಅದನ್ನು ಕೇಳಿ ಪಡೆದು, ಮೊಬೈಲಿನಲ್ಲಿ ಫೋಟೋ ತೆಗೆದಿಡಬೇಕು. ನೆದರ್‌ಲ್ಯಾಂಡ್ಸ್ ಕಾನೂನಿನ ಪ್ರಕಾರ ವಸ್ತು ಹೇಳಿದಂತೆ ಕೆಲಸ ಮಾಡದಿದ್ದರೆ ಜವಾಬ್ದಾರಿ ಮಾರಿದವರದು. ‘ಕಂಪನಿಗೆ ಬರೆಯಿರಿ’ ಅಂತ ಕೈತೊಳೆದುಕೊಳ್ಳುವಂತಿಲ್ಲ. 2022ರಿಂದ ಮೊದಲ ಒಂದು ವರ್ಷದೊಳಗೆ ದೋಷ ಕಂಡರೆ, ಕೊಟ್ಟಾಗ ಸರಿಯಿತ್ತು ಅಂತ ತೋರಿಸಬೇಕಾದ್ದು ಅಂಗಡಿಯವರೇ. ಆನ್‌ಲೈನ್ ಖರೀದಿಗೆ ಕಾರಣ ಹೇಳದೆ ವಾಪಸ್ ಮಾಡಲು 14 ದಿನ ಇದೆ. ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ 14 ದಿನದ ಹಕ್ಕು ಕಾನೂನಿನಲ್ಲಿ ಇಲ್ಲ. ಹಾಗಾಗಿ ‘ಮೊಬೈಲಿಗೆ ಹೊಂದದಿದ್ದರೆ ವಾಪಸ್ ತೆಗೆದುಕೊಳ್ತೀರಾ?’ ಅಂತ ಕೊಳ್ಳುವ ಮೊದಲೇ ಕೇಳಬೇಕು. ಹಳೇ ಮೊಬೈಲಿಗೆ ಹೊಸ ಕಾರ್ಡ್ ಹೊಂದದೇ ಇರುವುದು ಕಾರ್ಡಿನ ದೋಷ ಅಲ್ಲ. ನಕಲಿ ಕಾರ್ಡ್ ಮಾರಿದ್ದು ದೋಷ. ವಾದ ಮಾಡುವಾಗ ಈ ಎರಡನ್ನು ಕಲಸಬಾರದು. ಗ್ರಾಹಕರಿಗೆ ಮಾಹಿತಿ ಕೊಡಲು ಅಲ್ಲಿಯ ಸರ್ಕಾರಿ ನಿಯಂತ್ರಕ ಎಸಿಎಂ ನಡೆಸುವ ‘ಕಾನ್ಸುವೈಜರ್’ ಇದೆ.

‘ಫಾರ್ಮ್ಯಾಟ್ ಮಾಡಲೇ?’

ಫೋಟೋ ತುಂಬಿದ ಕಾರ್ಡನ್ನು ಬೇರೆ ಮೊಬೈಲಿಗೆ ಹಾಕಿದಾಗ ಈ ಪ್ರಶ್ನೆ ಬಂದರೆ ಉತ್ತರ ‘ಬೇಡ’. ಕಾರ್ಡ್ ಹಾಳಾಗಿದೆ ಅಂತ ಮೊಬೈಲ್ ಹೇಳಿದರೂ ಹಾಳಾಗಿರಬೇಕೆಂದಿಲ್ಲ, ಆ ಮೊಬೈಲಿಗೆ ಎಕ್ಸ್‌ಫ್ಯಾಟ್ ಓದಲು ಬರದೇ ಇರಬಹುದು. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿ ನೋಡಿದರೆ ಎಲ್ಲ ಇದ್ದ ಹಾಗೆಯೇ ಇರುತ್ತದೆ. ಒತ್ತಿಯೇ ಆಗಿದ್ದರೆ, ಆ ಕಾರ್ಡಿಗೆ ಮತ್ತೆ ಒಂದೇ ಒಂದು ಫೋಟೋ ಕೂಡ ತೆಗೆಯಬಾರದು. ಫಾರ್ಮ್ಯಾಟ್‌ನಲ್ಲಿ ಹೆಚ್ಚಾಗಿ ಅಳಿಯುವುದು ದಿನಚರಿ ಪುಸ್ತಕ ಮಾತ್ರ, ಸಾಮಾನು ಒಳಗೇ ಬಿದ್ದಿರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಆ ಸಾಮಾನನ್ನು ಹೆಕ್ಕಿ ತರುತ್ತದೆ, ಹೆಸರು ತಾರೀಕು ಹೋದರೂ ಚಿತ್ರ ಬರುತ್ತದೆ. ತಡ ಮಾಡಿದಷ್ಟೂ, ಹೊಸತು ಬರೆದಷ್ಟೂ ಬರುವುದು ಕಡಿಮೆ.

ಇನ್ನೊಂದು ಬಲೆ 2015ರ ಆಂಡ್ರಾಯ್ಡ್ 6ರಿಂದ ಬಂದದ್ದು. ಕೆಲವು ಮೊಬೈಲುಗಳು ಕಾರ್ಡ್ ಹಾಕಿದ ಕೂಡಲೇ ‘ಫೋನಿನ ಒಳಗಿನ ಜಾಗವಾಗಿ ಬಳಸಲೇ, ಒಯ್ಯಬಹುದಾದ ಜಾಗವಾಗಿ ಬಳಸಲೇ?’ ಅಂತ ಕೇಳುತ್ತವೆ. ಮೊದಲನೆಯದನ್ನು ಆರಿಸಿದರೆ ಕಾರ್ಡ್ ಆ ಮೊಬೈಲಿನ ಬೀಗಕ್ಕೆ ಕಟ್ಟಿಕೊಳ್ಳುತ್ತದೆ, ಒಳಗಿನದ್ದೆಲ್ಲ ಗೂಢಲಿಪಿ ಆಗುತ್ತದೆ. ಮೊಬೈಲ್ ನೀರಿಗೆ ಬಿದ್ದರೆ ಕಾರ್ಡ್ ಕೈಯಲ್ಲಿದ್ದರೂ ಬೇರೆ ಎಲ್ಲೂ ತೆರೆಯದು. ಹಡಗಿನಲ್ಲಿ, ಸೈಟ್‌ನಲ್ಲಿ ಕೆಲಸ ಮಾಡುವವರು ಎರಡನೆಯದನ್ನೇ ಆರಿಸುವುದು ಕ್ಷೇಮ.

ಕಾರ್ಡ್ ಸ್ಲಾಟೇ ಇಲ್ಲದ ಮೊಬೈಲ್ ಈಗ ಹೆಚ್ಚುತ್ತಿವೆ. ಐಫೋನಿನಲ್ಲಿ ಎಂದೂ ಇರಲಿಲ್ಲ, ಸ್ಯಾಮ್‌ಸಂಗ್ ಕೂಡ 2021ರ ಗ್ಯಾಲಕ್ಸಿ ಎಸ್21ರಿಂದ ದುಬಾರಿ ಸಾಲಿನಲ್ಲಿ ತೆಗೆದುಹಾಕಿತು. ಅಂಥವರು ಟೈಪ್-ಸಿ ಕಾರ್ಡ್ ರೀಡರ್ ಒಂದನ್ನು ಜೊತೆಗೆ ಕೊಳ್ಳಬೇಕು. 2023ರ ಐಫೋನ್ 15ರಿಂದ ಈಚೆಗೆ ಇದೇ ರೀಡರ್ ನಡೆಯುತ್ತದೆ, ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಎರಡೂ ‘ಫೈಲ್ಸ್’ ಆ್ಯಪ್‌ನಲ್ಲಿ ತೆರೆಯುತ್ತವೆ. ಕಾರ್ಡ್ ಕೊಳ್ಳುವ ಅಂಗಡಿಯಲ್ಲೇ ರೀಡರ್ ಚುಚ್ಚಿ, ಕಾರ್ಡ್ ಹಾಕಿ, ಒಂದು ವಿಡಿಯೋ ಅತ್ತ ಕಳಿಸಿ ಇತ್ತ ತೆರೆದು ನೋಡಲು ಎರಡು ನಿಮಿಷ ಸಾಕು.